ನಾಲ್ಕು ಗಂಟೆಯ ಪಂಡಿತ

ಮೊದಲೆಲ್ಲ ನಮ್ಮ ಆಫೀಸಿನಲ್ಲಿ ಟೀ ಬ್ರೇಕ್ ಎಂದರೆ ಎರಡೇ ಕೆಲಸ. ಟೀ ಕುಡಿಯುವುದು, ಆ ಹೊತ್ತಿಗೆ ಯಾರು ಅಲ್ಲಿಲ್ಲವೋ ಅವರ ವಿಚಾರ ಮಾತಾಡುವುದು. ಹಾಗಾಗಿ ಜ್ವರ ಬಂದವರೂ ಬ್ರೇಕ್ ತಪ್ಪಿಸುತ್ತಿರಲಿಲ್ಲ. ಇಷ್ಟು ಚೆನ್ನಾಗಿ ನಡೆದುಕೊಂಡು ಬಂದಿದ್ದ ವ್ಯವಸ್ಥೆಯ ಮೇಲೆ ಹೊಸದಾಗಿ ಬಂದ ಎಚ್‌ಆರ್ ಹುಡುಗಿಯ ಕಣ್ಣು ಬಿತ್ತು. ‘ನಾಲ್ಕರಿಂದ ನಾಲ್ಕೂ ಹತ್ತರವರೆಗೆ ಎಲ್ಲರೂ ಮೀಟಿಂಗ್ ರೂಮಿಗೆ ಬನ್ನಿ, ಫನ್ ಗೇಮ್ಸ್ ಇದೆ’ ಎಂದು ಮೇಲ್ ಕಳಿಸಿದಳು.

ನಮ್ಮ ಮೀಟಿಂಗ್ ರೂಮಿಗೂ ಫನ್ನಿಗೂ ಅಲ್ಲಿಯವರೆಗೆ ಯಾವ ಸಂಬಂಧವೂ ಇರಲಿಲ್ಲ. ಅಲ್ಲಿಗೆ ಕರೆದರೆ ಒಂದೋ ಟಾರ್ಗೆಟ್ ಆಗಿಲ್ಲವೆಂದು ಉಗಿಯುತ್ತಾರೆ, ಇಲ್ಲವೇ ಯಾರಿಗೋ ಹಾರ ಹಾಕಿ ಮನೆಗೆ ಕಳಿಸುತ್ತಾರೆ. ಸ್ಟೋರ್ಸ್‌ನವರು ಯಾವುದಕ್ಕೂ ಇರಲಿ ಎಂದು ಪಿಎಫ್ ಲೆಕ್ಕದ ಪ್ರಿಂಟ್ ಹಿಡಿದುಕೊಂಡೇ ಬಂದರು.

ಶುರುವಾದದ್ದು ಅಂತ್ಯಾಕ್ಷರಿಯಿಂದ. ಕನ್ನಡದಲ್ಲಿ ಅಂತ್ಯಾಕ್ಷರಿ ಆಡಿದವರಿಗೆ ಗೊತ್ತು, ಅದು ಹಾಡಿನ ಆಟವಲ್ಲ, ಕಾನೂನಿನ ಆಟ. ಹಾಡು ‘ಳ’ದಲ್ಲಿ ಮುಗಿದರೆ ‘ಲ’ ತೆಗೆದುಕೊಳ್ಳಬಹುದೋ ಇಲ್ಲವೋ? ‘ಣ’ಕ್ಕೆ ‘ನ’ ನಡೆಯುತ್ತದೋ? ಒತ್ತಕ್ಷರ ಬಂದರೆ ಮೇಲಿನದೋ ಕೆಳಗಿನದೋ? ನಮ್ಮ ಅಕೌಂಟ್ಸ್‌ನವರು ಆಡಿಟ್‌ನಲ್ಲಿ ಪಳಗಿದ ಕೈ. ಬೇಕೆಂದೇ ಪಲ್ಲವಿಯನ್ನು ಅರ್ಧಕ್ಕೆ ನಿಲ್ಲಿಸಿ, ಎದುರಿನವರಿಗೆ ‘ಣ’ ಬರುವಂತೆ ನೋಡಿಕೊಂಡು, ಕೈಕಟ್ಟಿ ಕೂರುತ್ತಿದ್ದರು. ಎರಡು ಹಾಡು ಮುಗಿಯುವಷ್ಟರಲ್ಲಿ ಹತ್ತು ನಿಮಿಷವೂ ಮುಗಿದು, ವಾದ ಲಿಫ್ಟಿನವರೆಗೆ ಮುಂದುವರಿಯುತ್ತಿತ್ತು.

ಆಮೇಲೆ ಡಂಬ್ ಶರಾಡ್ಸ್. ನನ್ನ ಪಾಲಿಗೆ ಬಂದ ಚೀಟಿಯಲ್ಲಿ ‘ಶ್!’ ಎಂದಿತ್ತು, ಉಪೇಂದ್ರ ನಿರ್ದೇಶನದ 1993ರ ಸಿನಿಮಾ. ಇಷ್ಟು ಸುಲಭದ್ದು ಇನ್ನೊಂದಿಲ್ಲ ಎಂದುಕೊಂಡು ತುಟಿಯ ಮೇಲೆ ಬೆರಳಿಟ್ಟೆ. ನನ್ನ ತಂಡ ಗಪ್‌ಚಿಪ್ಪಾಯಿತು. ಇನ್ನೂ ಒತ್ತಿ ಬೆರಳಿಟ್ಟು, ಕಣ್ಣರಳಿಸಿದೆ. ಉಸಿರಾಡುವುದನ್ನೂ ಕಮ್ಮಿ ಮಾಡಿದರು. ಎರಡು ನಿಮಿಷ ಒಬ್ಬರೂ ತುಟಿ ಪಿಟಕ್ಕೆನ್ನಲಿಲ್ಲ. ಅಷ್ಟರಲ್ಲಿ ಬಾಗಿಲು ತೆಗೆದು ಇಣುಕಿದ ಮ್ಯಾನೇಜರ್, ಯಾರಿಗೋ ಶ್ರದ್ಧಾಂಜಲಿ ನಡೆಯುತ್ತಿದೆ ಎಂದುಕೊಂಡು, ತಲೆ ತಗ್ಗಿಸಿ ನಿಂತೇಬಿಟ್ಟರು. ಎದುರು ತಂಡಕ್ಕೆ ಅದೇ ಉಪೇಂದ್ರರ 2010ರ ‘ಸೂಪರ್’ ಬಂತು. ಆ ಚಿತ್ರದ ಹೆಸರೇ ಒಂದು ಕೈಬೆರಳಿನ ಮುದ್ರೆ. ಆ ಕಡೆಯವರು ಕೈ ಎತ್ತಿದರು, ಬಹುಮಾನದ ಕಡಲೆಕಾಯಿ ಪೊಟ್ಟಣ ತೆಗೆದುಕೊಂಡು ಹೋದರು.

ಹೌಸಿಯೂ ಆಯಿತು. ತೊಂಬತ್ತು ನಂಬರು, ಟಿಕೆಟ್ಟಿಗೆ ಹದಿನೈದು. ಕೂಗುವ ಕೆಲಸ ರಿಸೆಪ್ಷನ್ ಮೇಡಂದು. ‘ಐದು, ಪಾಂಡವರು’, ‘ಹದಿನೆಂಟು, ಪುರಾಣ’, ‘ಇಪ್ಪತ್ತೇಳು, ನಕ್ಷತ್ರ’ ಎಂದು ಸೊಗಸಾಗಿ ಕೂಗುತ್ತಿದ್ದವರು ‘ಅರವತ್ತು, ಅರಳು ಮರಳು’ ಎನ್ನುವಾಗ ನನ್ನ ಕಡೆಗೇ ನೋಡುವ ಅಗತ್ಯವಿರಲಿಲ್ಲ. ನನಗಿನ್ನೂ ಅಷ್ಟಾಗಿಲ್ಲ. ಫುಲ್ ಹೌಸ್ ಮಾತ್ರ ಪ್ರತಿ ಸಲ ಮ್ಯಾನೇಜರಿಗೇ ಹೋಗುತ್ತಿತ್ತು. ಅಪ್ರೈಸಲ್ ತಿಂಗಳಲ್ಲಿ ಹೌಸಿ ಆಡಿಸಬಾರದು ಎಂದು ಎಲ್ಲಾದರೂ ಒಂದು ನಿಯಮ ಬರೆದಿಡಬೇಕು.

ಕಡೆಗೆ ಬಂತು ಕ್ವಿಜ್. ಇಲ್ಲಿ ನಾನು ಎದೆ ಉಬ್ಬಿಸಿಕೊಂಡು ಮುಂದಿನ ಸಾಲಿನಲ್ಲಿ ಕೂತೆ. ಸಾಮಾನ್ಯ ಜ್ಞಾನದಲ್ಲಿ ನಾನು ಚಿಕ್ಕಂದಿನಿಂದ ಹೆಸರುವಾಸಿ, ಕೊನೆಯ ಪಕ್ಷ ನನ್ನ ಮಟ್ಟಿಗೆ. ಬೆಂಗಳೂರಿಗೂ ಕ್ವಿಜ್‌ಗೂ ಹಳೆಯ ನಂಟು. ಕರ್ನಾಟಕ ಕ್ವಿಜ್ ಅಸೋಸಿಯೇಷನ್ ಇಲ್ಲಿ ಹುಟ್ಟಿದ್ದು 1983ರಲ್ಲಿ. ಅವರ ಒಂದು ಸ್ಪರ್ಧೆಗೆ ನಾನೂ ಹೋಗಿದ್ದೆ, ನೋಡುವುದಕ್ಕೆ. ಅಲ್ಲಿ ಉತ್ತರ ಹಾಗಿರಲಿ, ಪ್ರಶ್ನೆಗಳೇ ನನಗೆ ಅರ್ಥವಾಗಲಿಲ್ಲ. ಆದರೂ ಹೋಗಿಬಂದವನು ಹೋಗಿಬಂದವನೇ ಅಲ್ಲವೇ?

ಹುಡುಗಿ ಆಡಿಸಿದ್ದು ನಾರ್ವೆಯವರ ‘ಕಹೂಟ್’. ಗೋಡೆಯ ಟಿವಿಯಲ್ಲಿ ಪ್ರಶ್ನೆ ಬರುತ್ತದೆ, ನಿಮ್ಮ ಮೊಬೈಲಿನಲ್ಲಿ ಕೆಂಪು ತ್ರಿಕೋನ, ನೀಲಿ ವಜ್ರ, ಹಳದಿ ವೃತ್ತ, ಹಸಿರು ಚೌಕ ಅಷ್ಟೇ ಇರುತ್ತವೆ. ಸರಿಯಾದದ್ದನ್ನು ಒತ್ತಿದರೆ ಸಾಲದು, ಬೇಗ ಒತ್ತಿದಷ್ಟೂ ಪಾಯಿಂಟ್ ಹೆಚ್ಚು. ನನ್ನದು ಓದುವ ಕನ್ನಡಕ. ಟಿವಿ ಕಾಣಬೇಕಾದರೆ ತೆಗೆಯಬೇಕು, ಮೊಬೈಲ್ ಕಾಣಬೇಕಾದರೆ ಹಾಕಬೇಕು. ತೆಗೆದು, ಪ್ರಶ್ನೆ ಓದಿ, ಹಾಕಿಕೊಂಡು, ಹಳದಿ ಎಲ್ಲಿದೆ ಎಂದು ಹುಡುಕುವಷ್ಟರಲ್ಲಿ ಟೈಮ್ ಮುಗಿದು ಟಿವಿಯಲ್ಲಿ ಗಂಟೆ ಬಾರಿಸುತ್ತಿತ್ತು. ಕುವೆಂಪು ಅವರಿಗೆ ಜ್ಞಾನಪೀಠ ಬಂದದ್ದು 1967ರಲ್ಲಿ ಎಂದು ನನ್ನ ನಾಲಿಗೆಗೆ ಗೊತ್ತಿತ್ತು, ಹೆಬ್ಬೆರಳಿಗೆ ಗೊತ್ತಿರಲಿಲ್ಲ. ಕೊನೆಗೆ ಪಟ್ಟಿ ಬಂದಾಗ ನನ್ನ ಹೆಸರು ಡಿಸ್ಪ್ಯಾಚ್ ಹುಡುಗನಿಗಿಂತ ಕೆಳಗಿತ್ತು. ಅವನು ಅರ್ಧ ಆಟದಲ್ಲೇ ಕೊರಿಯರ್ ಕೊಡಲು ಎದ್ದುಹೋಗಿದ್ದ.

ಅವತ್ತೇ ನನಗೆ ಹೊಳೆದದ್ದು, ಕ್ವಿಜ್‌ನಲ್ಲಿ ಸೋಲೇ ಇಲ್ಲದ ಕುರ್ಚಿ ಒಂದೇ ಒಂದು, ಪ್ರಶ್ನೆ ಕೇಳುವವನದು. “ನೋಡಮ್ಮಾ, ದಿನಾ ಪ್ರಶ್ನೆ ಹುಡುಕೋ ತಾಪತ್ರಯ ನಿನಗ್ಯಾಕೆ? ನಾನು ಮಾಡ್ಕೊಡ್ತೀನಿ” ಎಂದೆ. ಹುಡುಗಿಗೆ ನನ್ನಲ್ಲಿ ಸೇವಾ ಮನೋಭಾವ ಕಂಡಿತು. ಮಾರನೆಯ ದಿನದಿಂದ ಕೈಯಲ್ಲಿ ಉತ್ತರದ ಚೀಟಿ ಹಿಡಿದು ನಿಂತೆ. ಆ ಚೀಟಿ ಕೈಗೆ ಬಂದರೆ ಎಂಥವನ ಮುಖಕ್ಕೂ ಒಂದು ಕಳೆ ಬರುತ್ತದೆ. ದನಿ ಗಂಭೀರವಾಗುತ್ತದೆ. ಯಾರಾದರೂ ತಪ್ಪು ಹೇಳಿದರೆ “ಛೆ, ಇಷ್ಟೂ ಗೊತ್ತಿಲ್ವಾ?” ಎನ್ನುವ ಮಾತು ತಾನಾಗಿಯೇ ಹೊರಡುತ್ತದೆ. ಹಿಂದಿನ ರಾತ್ರಿ ಊಟದವರೆಗೆ ನನಗೂ ಅದು ಗೊತ್ತಿರಲಿಲ್ಲ ಎಂದು ಯಾರಿಗೆ ತಾನೇ ಗೊತ್ತು?

ಮನೆಯವರಿಗೆ ಗೊತ್ತಿತ್ತು. ಪ್ರಶ್ನೆಪತ್ರಿಕೆ ತಯಾರಾಗುತ್ತಿದ್ದದ್ದು ರಾತ್ರಿ ಊಟದ ಟೇಬಲ್ಲಿನ ಮೇಲೆ, ಪ್ರಯೋಗ ನಡೆಯುತ್ತಿದ್ದದ್ದು ಮನೆಯವರ ಮೇಲೆ.

“ಕರ್ನಾಟಕದಲ್ಲಿ ಎಷ್ಟು ಜಿಲ್ಲೆ? ಹತ್ತು ಸೆಕೆಂಡು” ಎಂದು ಪಾತ್ರೆ ತೊಳೆಯುತ್ತಿದ್ದ ನನ್ನಾಕೆಯನ್ನು ಕೇಳಿದೆ.

“ಮೂವತ್ತೊಂದು. ಆ ಒರೆಸೋ ಬಟ್ಟೆ ಕೊಡಿ.”

“ತಪ್ಪು! ಇಪ್ಪತ್ತೇಳು.”

“2021ರಲ್ಲಿ ವಿಜಯನಗರವೂ ಆಯ್ತಲ್ರೀ. ನಿಮ್ಮ ಗೈಡು ಯಾವ ಕಾಲದ್ದು?”

ಗೈಡು ನನ್ನ ಭಾವಮೈದ ಕೆಎಎಸ್‌ಗೆ ಓದುತ್ತಿದ್ದ ಕಾಲದ್ದು. ಅವನು ಅದನ್ನು ಬಿಟ್ಟು ಸೈಟು ಮಾರುವ ದಂಧೆಗಿಳಿದು ಯಾವುದೋ ಕಾಲವಾಯಿತು. ಆ ಗೈಡಿನಲ್ಲಿ ಪ್ಲೂಟೋ ಇನ್ನೂ ಗ್ರಹವಾಗಿಯೇ ಸುತ್ತುತ್ತಿತ್ತು. 2006ರಲ್ಲಿ ಅದನ್ನು ಗ್ರಹಗಳ ಪಟ್ಟಿಯಿಂದ ಕೈಬಿಟ್ಟದ್ದನ್ನು ನಾನು ಪೆನ್ನಿನಲ್ಲಿ ತಿದ್ದಿಕೊಂಡೆ.

ಮಗ ಪಿಯುಸಿ ಓದುತ್ತಿದ್ದಾನೆ. ಅವನನ್ನು ಕೇಳಿದರೆ “ಅಪ್ಪಾ, ಇದಕ್ಕೆಲ್ಲ ಗೂಗಲ್ ಇದೆ” ಎಂದು ಬಾಗಿಲು ಹಾಕಿಕೊಂಡ. ಉಳಿದದ್ದು ನಮ್ಮತ್ತೆ. ಅವರು 2002ರಲ್ಲಿ ಚಂದನದಲ್ಲಿ ‘ಥಟ್ ಅಂತ ಹೇಳಿ’ ಶುರುವಾದಾಗಿನಿಂದ ಅದರ ಖಾಯಂ ಅಭ್ಯರ್ಥಿ, ಸೋಫಾದ ಮೇಲಿಂದ. ಅಲ್ಲಿ ಗೆದ್ದವರಿಗೆ ದುಡ್ಡಲ್ಲ, ಪುಸ್ತಕ ಕೊಡುವುದು ಅವರಿಗೆ ಬಹಳ ಮೆಚ್ಚುಗೆ. ನನ್ನ ಪ್ರಶ್ನೆಗಳಿಗೆಲ್ಲ ಉತ್ತರ ಕೊಟ್ಟಾದ ಮೇಲೆ ಒಂದು ರಾತ್ರಿ ಮೆಲ್ಲಗೆ ಹೇಳಿದರು: “ಅಳಿಯಂದ್ರೇ, ಅಲ್ಲಿ ಪ್ರಶ್ನೆ ಕೇಳೋ ಆ ಸೋಮೇಶ್ವರ ಅವರು ಡಾಕ್ಟ್ರಂತೆ. ಎದುರಿಗಿರೋರು ತಪ್ಪು ಹೇಳಿದ್ರೂ ಎಷ್ಟು ಸಮಾಧಾನವಾಗಿ ತಿಳಿಸಿಕೊಡ್ತಾರೆ. ನೀವು ಯಾಕೆ ಪೊಲೀಸ್ನೋರು ಸ್ಟೇಷನ್ನಲ್ಲಿ ಕೇಳೋ ಹಾಗೆ ಕೇಳ್ತೀರಿ?”

ಇದೇ ದಿನಗಳಲ್ಲಿ ಕುಕ್ಕರಿನ ಗ್ಯಾಸ್ಕೆಟ್ ಹೋಯಿತು. ಬರುವಾಗ ತನ್ನಿ ಎಂದು ನನ್ನಾಕೆ ಬೆಳಿಗ್ಗೆಯೇ ಹೇಳಿದ್ದಳು. ಪಾತ್ರೆ ಅಂಗಡಿಗೆ ಹೋಗಿ “ಒಂದು ಗ್ಯಾಸ್ಕೆಟ್ ಕೊಡಿ” ಎಂದೆ.

“ಯಾವ ಕಂಪನಿದು ಸಾರ್? ಮೂರು ಲೀಟರ್ದಾ, ಐದಾ? ಮುಚ್ಚಳ ಒಳಗೆ ಕೂರುತ್ತಾ, ಮೇಲೆ ಕೂರುತ್ತಾ?”

ಒಂದೇ ಉಸಿರಿಗೆ ಮೂರು ಪ್ರಶ್ನೆ. ನಾಲ್ಕು ಆಯ್ಕೆ ಕೊಡಬೇಕೆಂಬ ಸೌಜನ್ಯವೂ ಇಲ್ಲ. ವರ್ಷಗಟ್ಟಲೆ ಅದೇ ಕುಕ್ಕರಿನ ಅನ್ನ ತಿಂದಿದ್ದೇನೆ, ಅದರ ಮುಚ್ಚಳ ಒಳಗೆ ಕೂರುತ್ತದೋ ಹೊರಗೆ ಕೂರುತ್ತದೋ ಕಣ್ಮುಂದೆ ಬರಲೊಲ್ಲದು. ಆದರೆ ಸುಮ್ಮನೆ ನಿಲ್ಲುವ ಜಾಯಮಾನ ನನ್ನದಲ್ಲ. “ನೋಡಿ, ಈ ಪ್ರೆಷರ್ ಕುಕ್ಕರಿನ ಮೂಲಪುರುಷನನ್ನ 1679ರಲ್ಲೇ ಮಾಡಿದ್ದು ಡೆನಿ ಪಾಪಿನ್ ಅಂತ ಒಬ್ಬ ಫ್ರೆಂಚಿನವನು” ಎಂದೆ.

ಅಂಗಡಿಯವರು ಒಂದು ಕ್ಷಣ ಯೋಚಿಸಿ, “ಅದರ ಗ್ಯಾಸ್ಕೆಟ್ ನಮ್ಮಲ್ಲಿ ಬರಲ್ಲ ಸಾರ್” ಎಂದರು.

ಅಂದಾಜಿನ ಮೇಲೆ ಒಂದನ್ನು ತಂದೆ. ಅದು ನಮ್ಮ ಮನೆಯ ಯಾವ ಪಾತ್ರೆಗೂ ಕೂರಲಿಲ್ಲ. ನನ್ನಾಕೆ ಒಂದು ಮಾತೂ ಆಡದೆ ಅದನ್ನು ಅಡುಗೆಮನೆಯ ಮೊಳೆಗೆ, ಗೆದ್ದು ತಂದ ಪದಕದ ಹಾಗೆ, ತೂಗುಹಾಕಿದಳು. ಬಂದ ನೆಂಟರೆಲ್ಲ ಅದೇನೆಂದು ಕೇಳುತ್ತಾರೆ, ಅವಳು ಪ್ರತಿಯೊಬ್ಬರಿಗೂ ಪಾಪಿನ್‌ನಿಂದಲೇ ಶುರುಮಾಡಿ ಹೇಳುತ್ತಾಳೆ.

ಆಫೀಸಿನಲ್ಲಿ ಈ ನಡುವೆ ಒಂದು ವಿಚಿತ್ರ ನಡೆಯುತ್ತಿತ್ತು. ಪಿಎಫ್ ಪ್ರಿಂಟಿನ ಸ್ಟೋರ್ಸ್‌ನವರು ದಿನಾ ಗೆಲ್ಲತೊಡಗಿದ್ದರು. ಜೋಗ ಯಾವ ಜಿಲ್ಲೆಯಲ್ಲಿದೆ ಎಂದರೆ “ಹೋದಾಗ ಬಸ್ಸಲ್ಲಿ ನಿದ್ದೆ ಬಂದ್ಬಿಟ್ಟಿತ್ತು ಸಾರ್” ಎನ್ನುತ್ತಿದ್ದ ಮನುಷ್ಯ, ಈಗ ನಾನು “ಜೋಗದ ಎತ್ತರ...” ಎನ್ನುವಷ್ಟರಲ್ಲೇ “253 ಮೀಟರ್” ಎಂದು ಕಡಲೆಕಾಯಿಗೆ ಕೈ ಚಾಚುತ್ತಿದ್ದರು. ಕನ್ನಡದ ಎಂಟು ಜ್ಞಾನಪೀಠಿಗಳನ್ನು ಕುವೆಂಪುವಿನಿಂದ ಕಂಬಾರರವರೆಗೆ ವರ್ಷಸಮೇತ ಒಪ್ಪಿಸಿದರು. ಗೋಕಾಕರಿಗೆ 1990 ಎಂದು ನನ್ನ ಚೀಟಿಯಲ್ಲಿ ನಾನೇ ತಡಕಾಡುತ್ತಿದ್ದೆ, ಅವರು ಆಗಲೇ ಅನಂತಮೂರ್ತಿಯವರಿಗೆ ಹೋಗಿದ್ದರು. ಪ್ರಶ್ನೆಪತ್ರಿಕೆ ಸೋರಿಕೆ! ಪಿಯುಸಿ ಬೋರ್ಡಿಗೆ ಬಂದ ಕಷ್ಟ ನಮ್ಮ ಟೀ ಬ್ರೇಕಿಗೂ ಬಂದಿತ್ತು.

ಕಳ್ಳನನ್ನು ಹಿಡಿಯುವುದು ಹೇಗೆ? ಪ್ರಶ್ನೆ ಹುಡುಕುವಾಗ ಓದಿದ್ದ ಒಂದು ಕತೆ ನೆನಪಾಯಿತು. 1979ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಕ್ರಿಸ್ ಹೇನಿ, ಸ್ಕಾಟ್ ಅಬಟ್ ಎಂಬ ಇಬ್ಬರು ಪತ್ರಕರ್ತರು ಸ್ಕ್ರ್ಯಾಬಲ್ ಆಡಲು ಕೂತರಂತೆ. ನೋಡಿದರೆ ಡಬ್ಬಿಯಲ್ಲಿ ಕೆಲವು ಬಿಲ್ಲೆಗಳೇ ಇಲ್ಲ. ನಮ್ಮ ಮನೆಯಾಗಿದ್ದರೆ ಚೌಕಾಬಾರದ ಕವಡೆ ಕಳೆದದ್ದು ಯಾರೆಂದು ಜಗಳವಾಗಿ ಮಲಗಿಬಿಡುತ್ತಿದ್ದೆವು. ಅವರು ನಾವೇ ಒಂದು ಆಟ ಮಾಡೋಣ ಎಂದು ಹೊರಟು ‘ಟ್ರಿವಿಯಲ್ ಪರ್ಸೂಟ್’ ಮಾಡಿದರು. ಬರೀ ಪ್ರಶ್ನೆ ಕೇಳುವ ಆ ಆಟ 1984ರ ಹೊತ್ತಿಗೆ ಅಮೆರಿಕದಲ್ಲೆಲ್ಲ ಹುಚ್ಚೆಬ್ಬಿಸಿತ್ತು. ಇದನ್ನು ನೋಡಿ ಒಬ್ಬರ ಹೊಟ್ಟೆ ಉರಿಯಿತು, ಫ್ರೆಡ್ ವರ್ತ್ ಎಂಬವರದು. ಅವರು ಇಂಥ ಸಣ್ಣಪುಟ್ಟ ಸಂಗತಿಗಳ ವಿಶ್ವಕೋಶವನ್ನೇ ಬರೆದಿದ್ದರು, ಮತ್ತು ಯಾರಾದರೂ ಕದ್ದರೆ ಗೊತ್ತಾಗಲಿ ಎಂದು ಅದರಲ್ಲಿ ಒಂದು ಶುದ್ಧ ಸುಳ್ಳನ್ನು ಹೂತಿಟ್ಟಿದ್ದರು. ಟಿವಿ ಧಾರಾವಾಹಿಯ ಪತ್ತೇದಾರ ಕೊಲಂಬೋ ಇದ್ದಾನಲ್ಲ, ಅವನ ಮೊದಲ ಹೆಸರು ಫಿಲಿಪ್ ಎಂದು. ಆಟದ ಕಾರ್ಡಿನಲ್ಲಿ ನೋಡಿದರೆ, ಫಿಲಿಪ್! ಮೂವತ್ತು ಕೋಟಿ ಡಾಲರಿಗೆ ದಾವೆ ಹಾಕಿದರು. ಸಂಗತಿಗಳು ಯಾರ ಸ್ವತ್ತೂ ಅಲ್ಲ ಎಂದು ಕೋರ್ಟು ದಾವೆಯನ್ನು ತಳ್ಳಿಹಾಕಿತು. ನಾನು ಕತೆಯನ್ನು ಓದಿದ್ದು ಈ ಕೊನೆಯ ಸಾಲಿನ ಹಿಂದಿನ ಸಾಲಿನವರೆಗೆ.

ಆ ರಾತ್ರಿ ನಾನೂ ಒಂದು ಸುಳ್ಳು ಹುಟ್ಟಿಸಲು ಕೂತೆ. ಲಾಲ್‌ಬಾಗಿನ ಗಾಜಿನಮನೆಯನ್ನು ಆರಿಸಿಕೊಂಡೆ. ಅದಕ್ಕೆ 1889ರಲ್ಲಿ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಅಡಿಗಲ್ಲು ಹಾಕಿದ್ದು, ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನ ಮಾದರಿಯಲ್ಲಿ ಕಟ್ಟಿದ್ದು, ಇಷ್ಟು ನಿಜ. ಅದರ ಹಿಂದೆ ಬಾಲ ಸೇರಿಸಿದೆ: ‘ಇದರಲ್ಲಿ ಒಟ್ಟು ಎಷ್ಟು ಗಾಜಿನ ಹಲಗೆಗಳಿವೆ?’ ಏಳು ಸಾವಿರ ಎಂದು ಬರೆದೆ, ಹೊಡೆದುಹಾಕಿದೆ. ರೌಂಡ್ ಫಿಗರನ್ನು ಯಾರೂ ನಂಬುವುದಿಲ್ಲ. ಇದು ಟಿಎ ಬಿಲ್ಲು ಬರೆದ ಅನುಭವ. ಸಾವಿರದಿನ್ನೂರು ಎಂದು ಬರೆದರೆ ಅಕೌಂಟ್ಸ್‌ನಿಂದ ವಾಪಸ್ ಬರುತ್ತದೆ, ಸಾವಿರದ ನೂರ ಎಂಬತ್ತೇಳು ಎಂದರೆ ಕಣ್ಣುಮುಚ್ಚಿ ಪಾಸು. ಹಾಗಾಗಿ 7,413 ಎಂದು ಬರೆದೆ. ಕೊನೆಯ ಹದಿಮೂರು ನೋಡಿ ನನಗೇ ಒಂದು ಕ್ಷಣ ನಂಬಿಕೆ ಬಂತು.

ಮಾರನೆಯ ದಿನ ನಾಲ್ಕು ಗಂಟೆಗೆ ಪ್ರಶ್ನೆ ಕೇಳಿದೆ. “ಏಳು ಸಾವಿರದ ನಾನ್ನೂರ ಹದಿಮೂರು” ಎಂದರು ಸ್ಟೋರ್ಸ್‌ನವರು, ಬೋಂಡಾ ಅಗಿಯುವುದನ್ನೂ ನಿಲ್ಲಿಸದೆ.

ಸಿಕ್ಕಿಬಿದ್ದರು! ಎದ್ದು ನಿಂತು ಬೆರಳು ತೋರಿಸಿ ಕೂಗಬೇಕು ಎನ್ನುವಷ್ಟರಲ್ಲಿ ಎಚ್‌ಆರ್ ಹುಡುಗಿ ನನ್ನ ಚೀಟಿ ನೋಡಿ “ಕರೆಕ್ಟ್!” ಎಂದು ಚಪ್ಪಾಳೆ ತಟ್ಟಿ ಪೊಟ್ಟಣ ಕೊಟ್ಟುಬಿಟ್ಟಳು. ಈಗ ಏನೆಂದು ಕೂಗುವುದು? ಉತ್ತರ ಸುಳ್ಳು ಎನ್ನಬೇಕು. ಯಾರ ಉತ್ತರ? ನನ್ನದು. ಅಕೌಂಟ್ಸ್‌ನವರ ಮುಖ ನೋಡಿದೆ. ಒಂದು ಸುಳ್ಳು ಎಂದು ಒಪ್ಪಿದರೆ ಮೊದಲಿನಿಂದ ಇಲ್ಲಿಯವರೆಗಿನ ಎಲ್ಲ ಪ್ರಶ್ನೆಗಳನ್ನೂ ಮತ್ತೆ ಆಡಿಟ್ ಮಾಡಿಸುವ ಆಸಾಮಿ. ಗೈಡಿನ ವಯಸ್ಸು ಹೊರಬೀಳುತ್ತದೆ. ತೆಪ್ಪಗೆ ಕೂತೆ. ಸ್ಟೋರ್ಸ್‌ನವರು ದೊಡ್ಡ ಮನಸ್ಸು ಮಾಡಿ “ತೊಗೊಳ್ಳಿ ಸಾರ್” ಎಂದು ಒಂದು ಹಿಡಿ ಕಾಂಗ್ರೆಸ್ ಕಡಲೆಕಾಯಿ ನನ್ನ ಕೈಗೆ ಸುರಿದರು.

ಸಂಜೆ ಮನೆಯಲ್ಲಿ ತನಿಖೆ. ಅಪರಾಧಿ ಮೊದಲ ಪ್ರಶ್ನೆಗೇ ಒಪ್ಪಿಕೊಂಡರು.

“ಹೌದು, ನಾನೇ ಹೇಳಿದ್ದು” ಎಂದರು ಅತ್ತೆ, ಅವರೆಕಾಯಿ ಬಿಡಿಸುತ್ತಾ. “ಬೆಳಿಗ್ಗೆ ದೇವಸ್ಥಾನದಲ್ಲಿ ಸಹಸ್ರನಾಮ ಆದ್ಮೇಲೆ ನಾವೂ ಹತ್ತು ನಿಮಿಷ ಆಡ್ತೀವಿ. ಸ್ಟೋರ್ಸ್‌ನವರ ತಾಯಿನೂ ಬರ್ತಾರೆ. ಪಾಪ, ಮಗನಿಗೆ ಅಂತ ಪಂಚಾಂಗದ ಹಿಂದೆ ಎಲ್ಲಾ ಬರ್ಕೊಂಡು ಹೋಗ್ತಾರೆ.”

“ಅತ್ತೇ, ಆ ಗಾಜಿನ ಲೆಕ್ಕ ಶುದ್ಧ ಸುಳ್ಳು!”

“ಸುಳ್ಳಾ? ಅಯ್ಯೋ, ಅರ್ಚಕರು ಆಗಲೇ ಬರ್ಕೊಂಡ್ರಲ್ಲ. ಅವರ ಸೊಸೆ ಟೀಚರ್ರು.”

ಅಲ್ಲಿಂದ ಮುಂದಿನದು ನನ್ನ ಕೈಯಲ್ಲಿರಲಿಲ್ಲ. ಕೆಲವೇ ದಿನಗಳಲ್ಲಿ ಶಿವಮೊಗ್ಗದ ನಮ್ಮ ಚಿಕ್ಕಪ್ಪ ಕುಟುಂಬದ ವಾಟ್ಸಾಪ್ ಗ್ರೂಪಿಗೆ ಗಾಜಿನಮನೆಯ ಫೋಟೋ ಹಾಕಿದರು. ಕೆಳಗೆ ಎರಡು ತಾವರೆ, ಮೂರು ಜೋಡಿ ಮುಗಿದ ಕೈ, ಮತ್ತು ‘ಪ್ರತಿಯೊಬ್ಬ ಕನ್ನಡಿಗನೂ ತಿಳಿದಿರಲೇಬೇಕಾದ ಸತ್ಯ: 7,413’. ಇದು ಸುಳ್ಳು ಎಂದು ಬರೆದೆ. ‘ನೀನು ಎಣಿಸಿದ್ದೀಯಾ?’ ಎಂದು ಕೇಳಿದರು. ಎಣಿಸಿದವನಿಗೆ ಮಾತ್ರ ಅದು ಸುಳ್ಳೆಂದು ಹೇಳುವ ಹಕ್ಕು ಇದೆ ಎಂಬುದು ಆ ಗ್ರೂಪಿನ ತೀರ್ಮಾನ. ನಿಜವೆಂದು ಹೇಳಲು ಯಾರೂ ಎಣಿಸಬೇಕಾಗಿರಲಿಲ್ಲ.

ಗಣೇಶನ ಹಬ್ಬಕ್ಕೆ ನಮ್ಮ ಅಪಾರ್ಟ್‌ಮೆಂಟಿನಲ್ಲಿ ದಂಪತಿಗಳ ಕ್ವಿಜ್ ಇಟ್ಟರು. ಮೊದಲ ಬಹುಮಾನ ಐದು ಲೀಟರಿನ ಕುಕ್ಕರ್. ನನ್ನಾಕೆ ಆ ಡಬ್ಬಿಯನ್ನು ಒಮ್ಮೆ ನೋಡಿ, ನನ್ನನ್ನು ಒಮ್ಮೆ ನೋಡಿ, ಹೆಸರು ಬರೆಸಿದಳು. ಫೈನಲ್ಲಿನವರೆಗೂ ಹೋದೆವು. ಅವಳು ಉತ್ತರ ಹೇಳುತ್ತಿದ್ದಳು, ನಾನು ಮೈಕ್ ಹಿಡಿದುಕೊಂಡಿದ್ದೆ. ಎರಡು ಜೋಡಿ ಸಮಸಮ. ಕೊನೆಯ ಪ್ರಶ್ನೆಯ ಚೀಟಿ ಬಿಚ್ಚಿ ಅಸೋಸಿಯೇಷನ್ನಿನ ಖಜಾಂಚಿ ಓದಿದರು: “ಲಾಲ್‌ಬಾಗಿನ ಗಾಜಿನಮನೆಯಲ್ಲಿ ಒಟ್ಟು ಎಷ್ಟು ಗಾಜಿನ ಹಲಗೆಗಳಿವೆ?”

ಮೈಕ್ ನನ್ನ ಕೈಯಲ್ಲೇ ಇತ್ತು. “ಇದಕ್ಕೆ ಉತ್ತರವೇ ಇಲ್ಲ. ಇದು ಸುಳ್ಳು ಪ್ರಶ್ನೆ, ನಾನೇ ಹುಟ್ಟಿಸಿದ್ದು” ಎಂದೆ. ಪೆಂಡಾಲಿನಲ್ಲಿ ನಗು ಹೊರಟಿತು. ಖಜಾಂಚಿಯವರು ಕನಿಕರದಿಂದ, “ಗೊತ್ತಿಲ್ದಿದ್ರೆ ಪಾಸ್ ಅನ್ನಿ ಸಾರ್, ಬೇಜಾರಿಲ್ಲ” ಎಂದರು. ಇನ್ನೂ ಏನೋ ಹೇಳಹೊರಟೆ. ನನ್ನಾಕೆ ಮೈಕ್ ಕಿತ್ತುಕೊಂಡು “ಏಳು ಸಾವಿರದ ನಾನ್ನೂರ ಹದಿಮೂರು” ಎಂದಳು. ಶಿಳ್ಳೆ, ಚಪ್ಪಾಳೆ. ಅರ್ಚಕರ ಸೊಸೆ ಎದ್ದು ನಿಂತು ತಟ್ಟಿದರು.

ರಾತ್ರಿ ಅವಳು ಅಡುಗೆಮನೆಯಲ್ಲಿ ಕುಕ್ಕರಿನ ಡಬ್ಬಿ ಬಿಚ್ಚಿ, ಗ್ಯಾಸ್ಕೆಟ್ಟನ್ನು ಮುಚ್ಚಳಕ್ಕೆ ಕೂರಿಸಿ ನೋಡಿ, ತೆಗೆದು, ಮತ್ತೆ ಕೂರಿಸಿದಳು. ಮುಚ್ಚಳ ಒಳಗೆ ಕೂರುವಂಥದ್ದು. ಇದನ್ನಾದರೂ ನೆನಪಿಟ್ಟುಕೊಳ್ಳೋಣ ಎಂದು ನಾನು ನೋಡುತ್ತಾ ನಿಂತಿದ್ದೆ.

“ರೀ, ಮುಂದಿನ ವರ್ಷ ಮಿಕ್ಸಿ ಇಡ್ತಾರಂತೆ” ಎಂದಳು. “ಕಬ್ಬನ್ ಪಾರ್ಕಲ್ಲಿ ಎಷ್ಟು ಮರ ಇದೆ ಅಂತ ಈಗಲೇ ಒಂದು ನಂಬರ್ ಬರೆದುಕೊಡಿ. ಅಮ್ಮ ಬೆಳಿಗ್ಗೆ ದೇವಸ್ಥಾನಕ್ಕೆ ಹೋಗ್ತಾರೆ.”

“ರೌಂಡ್ ಫಿಗರ್ ಬೇಡ ಅಳಿಯಂದ್ರೇ” ಎಂದರು ಅತ್ತೆ, ಒಳಗಿನ ರೂಮಿನಿಂದ.